ಪುಟ್ಟತಾಯಮ್ಮನ ಭಾನುವಾರದ ಮದ್ದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ದುದ್ದ ಹಳ್ಳಿಯಲ್ಲಿ ಪುಟ್ಟತಾಯಮ್ಮನ ಎದುರು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಮಕ್ಕಳ ಉಬ್ಬಸಕ್ಕೆ ಆಕೆ ಕೊಡುತ್ತಿದ್ದ ಮದ್ದು ಅಷ್ಟು ಹೆಸರುವಾಸಿ. ಭಾನುವಾರ ಬೆಳಿಗ್ಗೆ ಯಾರ ಕೂಡೆಯೂ ಮಾತಾಡದೆ ಹೊಲದ ಕಡೆ ಹೋಗಿ, ಸೊಪ್ಪು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಬಾಗಿಲು ಹಾಕಿಕೊಂಡು ಅರೆಯುತ್ತಿದ್ದಳು. ಜೇನಿನಲ್ಲಿ ಕಲಸಿ ಬೆರಳ ತುದಿಯಲ್ಲಿ ನೆಕ್ಕಿಸಿದರೆ ಮಗುವಿನ ಎದೆಯ ಗೊರಗೊರ ಅಡಗುತ್ತಿತ್ತು. ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಯಾವ ಸೊಪ್ಪು ಅಂತ ಹೊಟ್ಟೆಯಲ್ಲಿ ಹುಟ್ಟಿದ ಮಗ ಅನಿಲ್‌ಕುಮಾರನಿಗೂ ಹೇಳಿರಲಿಲ್ಲ. ಅತ್ತೆ ಸಾಯುವ ಮುಂಚೆ ಕೈಮೇಲೆ ಕೈ ಹಾಕಿಸಿಕೊಂಡು ಹೇಳಿದ್ದೇ ಅದು: ಬಾಯಿ ಬಿಟ್ಟರೆ ಕೈಗುಣ ಹೋಗುತ್ತದೆ, ಆಮೇಲೆ ಆ ಮದ್ದು ಯಾವ ಮಗುವಿಗೂ ಹಿಡಿಯುವುದಿಲ್ಲ.

ಹೀಗೆ ಗುಟ್ಟು ಕಾಯುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಲೋಕವೆಲ್ಲ ತನ್ನ ಗುಟ್ಟಿನ ಮೇಲೇ ಕಣ್ಣಿಟ್ಟಿದೆ ಅನ್ನಿಸತೊಡಗುತ್ತದೆ. ಎದುರುಮನೆ ಜಯಲಕ್ಷ್ಮಮ್ಮ ಹೊಲದ ಬದುವಿನಲ್ಲಿ ಹುಲ್ಲು ಕೊಯ್ದರೂ ಪುಟ್ಟತಾಯಮ್ಮನಿಗೆ ಅನುಮಾನವೇ.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಮೊಮ್ಮಗಳು ಸಿಂಚನಳಿಗೇ ಉಬ್ಬಸ ಹತ್ತಿತು. ಅಜ್ಜಿಯ ಮದ್ದಿಗೆ ಸ್ವಲ್ಪ ಬಗ್ಗಿ ಮತ್ತೆ ಕೆರಳಿತು. ಸೊಸೆ ಆಶಾರಾಣಿ ಹಟ ಹಿಡಿದು ಎಲ್ಲರನ್ನೂ ಹಾಸನದ ಮಕ್ಕಳ ಕ್ಲಿನಿಕ್ಕಿಗೆ ಹೊರಡಿಸಿದಳು. ಅಲ್ಲಿ ಗಂಡ ಗಿರಿಧರ ಇಂಗ್ಲಿಷ್ ಮದ್ದಿನ ಡಾಕ್ಟರು, ಹೆಂಡತಿ ಹಂಸ ಆಯುರ್ವೇದದವರು. ಇಬ್ಬರೂ ಒಂದೇ ಮೇಜಿಗೆ ಕೂತು ಒಂದೇ ಮಗುವನ್ನು ನೋಡುತ್ತಾರೆ ಅಂತ ಬಸ್ಸಿನಲ್ಲೇ ಸೊಸೆ ವಿವರಿಸಿದಳು.

"ಒಬ್ರಿಗೆ ಗೊತ್ತಿದ್ರೆ ಇನ್ನೊಬ್ರು ಯಾಕವ್ವ ಬೇಕು?" ಅಂದಳು ಪುಟ್ಟತಾಯಮ್ಮ. "ಇಬ್ರಿಗೂ ಗೊತ್ತಿಲ್ಲ ಅಂತ್ಲೇ ಅಲ್ವಾ?"

ಒಳಗೆ ಹೋದರೆ ಕಪಾಟಿನ ತುಂಬ ಸೀಸೆ, ಚೂರ್ಣ, ಬೇರು. ಹಂಸ ನಗುತ್ತಲೇ ಕೇಳಿದರು. "ಮನೇಲಿ ಏನಾದ್ರೂ ಔಷಧಿ ಕೊಟ್ಟಿದ್ದೀರಾ ಅಜ್ಜಿ? ಯಾವ ಸೊಪ್ಪಾದ್ರೂ ಸರಿ, ಹೇಳಿ. ನಮ್ಮ ಔಷಧಿ ಜೊತೆ ಅದು ಹೊಂದುತ್ತೋ ಇಲ್ವೋ ನೋಡ್ಬೇಕು."

ಪುಟ್ಟತಾಯಮ್ಮನಿಗೆ ಎಲ್ಲ ತಿಳಿದುಹೋಯಿತು. ಹಳ್ಳಿಯವರ ಬಾಯಿ ಬಿಡಿಸಿ, ಸೊಪ್ಪಿನ ಹೆಸರು ಕಲಿತು, ಸೀಸೆಗೆ ತುಂಬಿ ಮಾರುವ ಸಂಚು ಇದು.

"ಏನೂ ಕೊಟ್ಟಿಲ್ಲ ಕಣವ್ವ. ಕಾಯ್ಸಿದ್ ನೀರು, ಅಷ್ಟೆಯಾ," ಅಂದಳು. ಆಶಾರಾಣಿ ಬಾಯಿ ತೆರೆದವಳು ಅತ್ತೆಯ ಕಣ್ಣು ನೋಡಿ ಮುಚ್ಚಿದಳು.

ಗಿರಿಧರ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. ಹಂಸ ಒಂದು ಲೇಹ್ಯ ಕೊಟ್ಟು ಪಥ್ಯ ಹೇಳಿದರು. ಮಗು ಬೇಗ ಚೇತರಿಸಿಕೊಂಡಿತು. ಬೇರೆ ಅಜ್ಜಿಯಾಗಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದಳು. ಪುಟ್ಟತಾಯಮ್ಮನಿಗೆ ಮಾತ್ರ ಆ ಬೇಗದ ಮೇಲೇ ಗುಮಾನಿ. ಲೇಹ್ಯದಲ್ಲಿ ಏನೋ ಬೆರೆಸಿದ್ದಾರೆ. ಒಂದು ಮದ್ದು ಇನ್ನೊಂದನ್ನು ಮುರಿಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಅವರದು ತನ್ನದನ್ನು ಮುರಿಯದಿರಲಿ ಅಂತ ಭಾನುವಾರ ಎರಡರಷ್ಟು ಸೊಪ್ಪು ಅರೆದು, ಸೊಸೆ ನೀರಿಗೆ ಹೋದ ಹೊತ್ತು ನೋಡಿ ಮಗುವಿಗೆ ನೆಕ್ಕಿಸಿದಳು.

ಮಧ್ಯಾಹ್ನದ ಹೊತ್ತಿಗೆ ಸಿಂಚನಳ ಮುಖ ಕೆಂಪೇರಿತು. ಬಾಯಿ ಒಣಗಿತು, ಕಣ್ಣಿನ ಪಾಪೆ ಅಗಲವಾಯಿತು. ಅಜ್ಜಿಯ ಗುರುತೇ ಹತ್ತಲಿಲ್ಲ. ಮಗು ಏನೇನೋ ಬಡಬಡಿಸುತ್ತ, ಬರೀ ಗಾಳಿಯಲ್ಲಿ ಕೈಯಾಡಿಸಿ ಹೂ ಬಿಡಿಸತೊಡಗಿತು. ಈ ಕೈಯಾಟವನ್ನು ಪುಟ್ಟತಾಯಮ್ಮ ಹಿಂದೆ ಒಮ್ಮೆ ನೋಡಿದ್ದಳು. ಎಷ್ಟೋ ವರ್ಷದ ಕೆಳಗೆ ಜಯಲಕ್ಷ್ಮಮ್ಮನ ಗಂಡುಮಗು ಇವಳ ಮದ್ದು ನೆಕ್ಕಿದ ದಿನವೇ ಹೀಗೆ ಗಾಳಿಯಲ್ಲಿ ಹೂ ಬಿಡಿಸಿ, ಬೆಳಗಾಗುವುದರೊಳಗೆ ತೀರಿಕೊಂಡಿತ್ತು. ಗಾಳಿ ಸೋಕಿತು ಅಂದಿತ್ತು ಊರು. ನಿವಾಳಿಸಿ ತೆಗೆದವಳೂ ಪುಟ್ಟತಾಯಮ್ಮನೇ.

ಆದರೂ ಆ ಗಳಿಗೆಯಲ್ಲಿ ಅವಳ ಕೈ ಹೋದದ್ದು ಲೇಹ್ಯದ ಡಬ್ಬಿಗೇ. ಅದನ್ನೇ ಹಿಡಿದು, ಮಗನ ಸ್ಕೂಟರು ಹತ್ತಿ, ಮಗು ಸೊಸೆಯ ಸಮೇತ ಹಾಸನಕ್ಕೆ ಓಡಿದಳು. ಡಾಕ್ಟರ ಮನೆ ಕ್ಲಿನಿಕ್ಕಿನ ಮೇಲೆಯೇ ಇತ್ತು.

"ಏನ್ ಬೆರ್ಸಿದ್ರಿ ಸಾ ಇದ್ರಾಗೆ? ಮಗೀನ ಕೊಂದ್ಬುಟ್ರಲ್ಲ."

ಗಿರಿಧರ ಮಗುವಿನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. "ಇದು ಲೇಹ್ಯದಿಂದ ಆಗೋದಲ್ಲಮ್ಮ. ಬೇರೆ ಏನು ಹೋಗಿದೆ ಹೊಟ್ಟೆಗೆ? ಅದು ಗೊತ್ತಾಗದೆ ನಾನು ಯಾವುದಕ್ಕೆ ಅಂತ ಔಷಧಿ ಕೊಡ್ಲಿ?"

"ನಮ್ಮತ್ತೆ ಮದ್ದು ಕೊಡ್ತಾರೆ ಸಾ," ಅಂದಳು ಆಶಾರಾಣಿ, ಈ ಸಲ ಅತ್ತೆಯ ಮುಖ ನೋಡದೆ. "ಯಾವ್ ಸೊಪ್ಪು ಅಂತ ಯಾರ್ಗೂ ಏಳಾಕಿಲ್ಲ."

ಎಲ್ಲರೂ ಪುಟ್ಟತಾಯಮ್ಮನ ಕಡೆ ತಿರುಗಿದರು. ಹೇಳಿದರೆ ಕೈಗುಣ ಹೋಯಿತು, ಅತ್ತೆಗೆ ಕೊಟ್ಟ ಮಾತೂ ಹೋಯಿತು, ನಾಳೆ ಉಬ್ಬಸ ಹತ್ತಿದ ಊರ ಮಕ್ಕಳಿಗೆ ಯಾರು ಗತಿ? ಮಗು ಅವಳ ಮೂಗಿನ ಮುಂದೆಯೇ ಕೈ ಚಾಚಿ, ಇಲ್ಲದ ಹೂವೊಂದನ್ನು ಕಿತ್ತಿತು.

"ಉಮ್ಮತ್ತಿ ಸೊಪ್ಪು," ಅಂದಳು. "ಇವತ್ತು ಎಲ್ಡರಷ್ಟು ಕೊಟ್ಬುಟ್ಟೆ."

ಗಿರಿಧರ ತಮ್ಮ ಕಾರಿನಲ್ಲೇ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಮಾರನೆಯ ಸಂಜೆ ಮಗು ಕಣ್ಣು ಬಿಟ್ಟು ಅಜ್ಜಿ ಅಂದಿತು. ಪುಟ್ಟತಾಯಮ್ಮ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ನೋಡಲು ಬಂದಿದ್ದ ಹಂಸರನ್ನು ಪಕ್ಕಕ್ಕೆ ಕರೆದು ಕೇಳಿದಳು. "ಗಾಳಿ ಸೋಕಿದ್ರೂ ಮಕ್ಳು ಅಂಗೆ ಊವ ಬಿಡಿಸ್ತಾವೇನವ್ವ?"

"ಗಾಳಿ ಅಲ್ಲ ಅಜ್ಜಿ. ಉಮ್ಮತ್ತಿ ನಂಜು ಏರಿದ್ರೆ ಹಾಗಾಗುತ್ತೆ. ಯಾಕೆ ಕೇಳಿದ್ರಿ?"

"ಏನಿಲ್ಲ," ಅಂದಳು.

ಮುಂದಿನ ಭಾನುವಾರ ಜಯಲಕ್ಷ್ಮಮ್ಮ ಮಗಳ ಮಗುವನ್ನು ಸೊಂಟದಲ್ಲಿ ಹೊತ್ತು ಬಂದು ಜಗುಲಿಯ ಮುಂದೆ ನಿಂತಳು. ಮಗುವಿನ ಎದೆ ಗೊರಗುಟ್ಟುತ್ತಿತ್ತು.

"ಮದ್ದು ಕೊಡಾಕಿಲ್ಲ ಕಣವ್ವ. ಆಸ್ನದ ಡಾಕ್ಟ್ರತ್ರ ಕರ್ಕೊಂಡೋಗು."

ಜಯಲಕ್ಷ್ಮಮ್ಮ ಮುಖ ಗಂಟಿಕ್ಕಿದಳು. "ನಿನ್ ಮೊಮ್ಮಗಳಿಗಾದ್ರೆ ಕೊಡ್ತೀಯ, ನಮ್ ಮಗೀಗೆ ಯಾಕಾಗಾಕಿಲ್ಲ? ನಾವೇನ್ ಮಾಡಿದ್ವಿ ನಿಂಗೆ?"

ಗುಟ್ಟು ಹೇಳಿಬಿಟ್ಟೆ, ಕೈಗುಣ ಹೋಯಿತು ಅಂದಿದ್ದರೆ ಸಾಕಿತ್ತು. ಜಯಲಕ್ಷ್ಮಮ್ಮ ನಂಬಿಕೊಂಡು ಹೋಗುತ್ತಿದ್ದಳು. ಪುಟ್ಟತಾಯಮ್ಮ ಎದ್ದು, ಅವಳನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ, ಬಗ್ಗಿ, ಗಿಡವೊಂದನ್ನು ಬುಡ ಸಮೇತ ಕಿತ್ತಳು.

"ಇದೇ ಕಣವ್ವ ಆ ಮದ್ದು. ಅವತ್ತು ನಿನ್ ಮಗೀಗೂ ಇದ್ನೇ ಕೊಟ್ಟಿದ್ದೆ. ಗಾಳಿ ಅಲ್ಲ."

ಜಯಲಕ್ಷ್ಮಮ್ಮ ಆ ಎಲೆಗಳನ್ನು ನೋಡಿದಳು. ಆಮೇಲೆ ಮಗುವನ್ನು, ಪುಟ್ಟತಾಯಮ್ಮನ ಕೈಗೆ ಎಟುಕದ ಹಾಗೆ, ಆಚೆ ಸೊಂಟಕ್ಕೆ ಬದಲಾಯಿಸಿಕೊಂಡಳು.