ಹುರುಳಿ ಮೇಲೆ ಓಡಿದ ಕಾರು

ಹೆರಿಗೆಗೆ ಅಂತ ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿಗೆ ಬಂದಿದ್ದ ಮಗಳಿಗೆ ಇನ್ನೂ ದಿನ ತುಂಬಿರಲಿಲ್ಲ. ಬೆಳಿಗ್ಗೆ ಬಚ್ಚಲಿಂದ "ಅಮ್ಮಾ, ರಕ್ತ" ಅಂತ ಕೂಗಿದಳು. ಆಂಬುಲೆನ್ಸಿಗೆ ಕಾಯುವ ಧೈರ್ಯ ನನಗಿರಲಿಲ್ಲ. ಅಳಿಯ ಊರಲ್ಲೇ ಇದ್ದ, ಕಾರಿತ್ತು. ಮೊದಲಿಂದ ಅವಳನ್ನು ತೋರಿಸುತ್ತಿದ್ದ ಬಂಗಾರಪೇಟೆ ಆಸ್ಪತ್ರೆಗೆ ಹೊರಟೆವು. ಹಿಂದಿನ ಸೀಟಲ್ಲಿ ಅವಳ ತಲೆ ನನ್ನ ತೊಡೆ ಮೇಲೆ.

ಆ ಕಾರಲ್ಲಿ ಕ್ರೂಸ್ ಅಂತ ಒಂದು ಗುಂಡಿ ಇದೆ. ಒತ್ತಿದರೆ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುತ್ತದೆ. ಹಿಂದೊಮ್ಮೆ ಅಳಿಯ ಜಂಬದಿಂದ ತೋರಿಸಿದಾಗ, "ಹಗ್ಗ ಬಿಟ್ಟು ಎತ್ತಿನ ಗಾಡೀಲಿ ಮಲಗಿದಂಗಾಯ್ತು. ಎತ್ತಿಗಾದ್ರೆ ಕಣ್ಣೈತೆ, ಇದಕ್ಕೇನೈತೆ?" ಅಂದಿದ್ದೆ. ನಕ್ಕಿದ್ದ.

ರಾಬರ್ಟ್‌ಸನ್‌ಪೇಟೆ ಗಲಾಟೆ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಬೇಗ ಹೋಗಲಿ ಅಂತ ಸ್ಪೋರ್ಟ್ ಮೋಡ್‌ಗೆ ಹಾಕಿದ. ಕಾರು ಎಗರಿತು, ಮಗಳು ನರಳಿದಳು. ಆಮೇಲೆ ಕ್ರೂಸ್ ಒತ್ತಿದ, ಕಾಲು ಹಿಂದಕ್ಕೆಳೆದುಕೊಂಡ, ತಿರುಗಿ ಹೆಂಡತಿ ಕೈ ಹಿಡಿದ. ಪ್ರೀತಿ ಇರಬೇಕು, ಸರಿ. ರಸ್ತೆ ನೋಡೋರು ಯಾರು?

ನಾನು ನೋಡಿದೆ. ಮುಂದೆ ಟಾರಿನ ಮೇಲೆ ಉದ್ದಕ್ಕೂ ಹುರುಳಿ. ನಮ್ಮ ಕಡೆ ಈಗ ಕಣ ಯಾರು ಮಾಡ್ತಾರೆ? ಗಿಡ ಕಿತ್ತು ರಸ್ತೆಗೆ ಹರಡಿದರೆ ಬಸ್ಸು ಲಾರಿ ತುಳಿದು ಕಾಳು ಬಿಡಿಸುತ್ತವೆ. ಒಣಗಿದ ಹುರುಳಿ ಅಂದರೆ ಗಾಲಿಗೆ ಎಣ್ಣೆ ಸವರಿದ ಹಾಗೆ.

ಅಳಿಯನಿಗೆ ಎದುರಿಗೆ ಎಂದೂ ಏಕವಚನ ಆಡಿದವಳಲ್ಲ. "ಲೇ, ಮುಂದೆ ನೋಡ್ಲಾ!" ಅಂತ ಕಿರುಚಿದೆ.

ಅಷ್ಟರಲ್ಲಿ ಗಾಲಿ ಜಾರುತ್ತಿತ್ತು. ಕಾರು ಮಾತ್ರ ಹಿಂದಿನಿಂದ ಯಾರೋ ನೂಕಿದಂತೆ ನುಗ್ಗುತ್ತಲೇ ಇತ್ತು. ತಡವರಿಸಿ ಬ್ರೇಕ್ ತುಳಿದ. ಕಾರು ಅಡ್ಡ ತಿರುಗಿ, ಒಂದು ಗಾಲಿ ಚರಂಡಿಗಿಳಿದು ನಿಂತಿತು.

ಹುರುಳಿ ಹರಡಿದ್ದ ಹೆಂಗಸು ಕವೆಗೋಲು ಹಿಡಿದು ಓಡಿ ಬಂದಳು. "ಕಣ್ಣು ಮನೇಲಿ ಬಿಟ್ಟು ಬಂದ್ರಾ?"

"ರಸ್ತೆ ಏನು ನಿಮ್ಮಪ್ಪನ ಕಣಾನೇನೇ? ಬಗ್ಗಿ ಒಳೀಕೆ ನೋಡು," ಅಂದೆ.

ನನ್ನ ಸೀರೆಯೆಲ್ಲ ಕೆಂಪಾಗಿತ್ತು. "ಅಯ್ಯೋ ನನ್ನವ್ವಾ" ಅಂತ ಕೋಲು ಎಸೆದು ಗಂಡನನ್ನೂ ಮೈದುನರನ್ನೂ ಕೂಗಿದಳು. ಗಾಲಿಗೆ ಸುತ್ತಿದ್ದ ಬಳ್ಳಿ ಕಿತ್ತು, ಕಾರು ಎತ್ತಿ ರಸ್ತೆಗಿಟ್ಟರು. ಅದಕ್ಕೂ ಹೊತ್ತು ಹಿಡಿಯಿತು. ಮಗಳು ಮಾತಾಡುತ್ತಿರಲಿಲ್ಲ. ಕೆನ್ನೆಗೆ ಹೊಡೆದೆ. "ಕಣ್ ಬಿಡೇ!"

"ಅತ್ತೆ, ನನ್ ಕೈಲಿ ಆಗಲ್ಲ," ಅಂದ ಅಳಿಯ. ಸ್ಟೀರಿಂಗ್ ಬಿಟ್ಟು ಕೂತಿದ್ದ.

"ಆಗ್ಲೇಬೇಕು. ಆ ಗುಂಡಿ ಮುಟ್ಬೇಡಿ. ಆ ಎಗರೋ ಮೋಡು ತೆಗೀರಿ. ಕಾಲು ಬ್ರೇಕ್ ತಾವ ಇರ್ಲಿ, ಕಣ್ಣು ರಸ್ತೇಲಿರ್ಲಿ. ಇವಳನ್ನ ನಾನು ನೋಡ್ಕೊಂತೀನಿ."

ಆಸ್ಪತ್ರೆಯಲ್ಲಿ ಒಳಗೆ ಒಯ್ದರು. ಕಾದೆವು. ನರ್ಸಮ್ಮ ಬಂದು, ತಾಯಿ ಉಳಿದಳು, ಮಗು ಉಳಿಯಲಿಲ್ಲ ಅಂದಳು. ಚರಂಡೀಲಿ ಹೊತ್ತು ಕಳೆದಿದ್ದಕ್ಕೇ ಹೀಗಾಯ್ತಾ ಅಂತ ಡಾಕ್ಟರಮ್ಮನನ್ನು ಕೇಳಿದೆ. "ಹೇಳೋಕಾಗಲ್ಲಮ್ಮ," ಅಂದರು. ಅಳಿಯ ಪಕ್ಕದಲ್ಲೇ ಇದ್ದ. ಬೈಯಲಿಲ್ಲ ನಾನು.

"ಎಚ್ಚರಾದ್ರೆ ಕೇಳ್ತಾಳೆ. ಯಾರು ಹೇಳೋದು?" ಅಂದ.

"ನಾನು ಹೇಳ್ತೀನಿ. ನೀವು ಅವಳ ಕೈ ಹಿಡ್ಕಳಿ. ಈಗ ಹಿಡ್ಕಳಿ," ಅಂದು ಅವನನ್ನು ಕರೆದುಕೊಂಡು ಒಳಗೆ ಹೋದೆ.