ಅತ್ತೆ ನೂರ ಹದಿನಾಲ್ಕನೆಯ ಪುಟಕ್ಕೆ ಬಂದದ್ದು

ಮೊದಲು ಒಂದು ಕಳ್ಳತನವನ್ನು ಒಪ್ಪಿಕೊಂಡುಬಿಡುತ್ತೇನೆ. ಐದು ವಾರ, ದಿನಾ ಮಧ್ಯಾಹ್ನ, ನಮ್ಮ ಅತ್ತೆ ಊಟ ಮುಗಿಸಿ ಕೈ ತೊಳೆಯಲು ಹೋದ ಎರಡು ನಿಮಿಷದಲ್ಲಿ ನಾನು ಅವರ ಕೋಣೆಗೆ ನುಗ್ಗಿ, ದಿಂಬಿನ ಪಕ್ಕದ ಪುಸ್ತಕವನ್ನು ತೆರೆದು, ಊದುಬತ್ತಿ ಪೊಟ್ಟಣದ ಹರಿದ ತುಂಡು ಯಾವ ಪುಟದಲ್ಲಿದೆ ಎಂದು ನೋಡಿ ಬರುತ್ತಿದ್ದೆ. ಓದಿ ನಿಲ್ಲಿಸಿದ ಕಡೆ ಅವರು ಇಡುವ ಗುರುತು ಅದು. ದಿನಕ್ಕೆ ಮೂರು ಪುಟ, ಏಕಾದಶಿಯ ದಿನ ಅಡುಗೆ ಕಡಿಮೆಯಾದ್ದರಿಂದ ನಾಲ್ಕು. ಪುಸ್ತಕ ನಾನೇ ಬರೆದದ್ದು. ಅದರ ನೂರ ಹದಿನಾಲ್ಕನೆಯ ಪುಟದಲ್ಲಿ ಸೊಸೆಯೊಬ್ಬಳು ತನ್ನ ಅತ್ತೆಯನ್ನು ಅಟ್ಟದ ಮೇಲಿನ ಪ್ರಾಣಿಗೆ ಉಣಿಸುತ್ತಾಳೆ.

ಇಪ್ಪತ್ತೇಳು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಹೆಂಗಸು ಜಯನಗರದಲ್ಲಿ ಮಾಡಬಹುದಾದ ಮರ್ಯಾದಸ್ಥ ಕೆಲಸಗಳು ಬೇಕಾದಷ್ಟಿವೆ. ವೀಣೆ ಕಲಿಯಬಹುದು, ಪಾರ್ಕಿನಲ್ಲಿ ಗುಂಪಾಗಿ ನಗಬಹುದು, ಕುಂಡದಲ್ಲಿ ಕರಿಬೇವು ಬೆಳೆಯಬಹುದು. ನಾನು ಕಾದಂಬರಿ ಬರೆದೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ದಸರಾ ಗೊಂಬೆಗಳ ಪೆಟ್ಟಿಗೆಯ ಹಿಂದೆ, ಒಂದು ಪ್ರಾಣಿ ಇದೆ. ಅದು ಅನ್ನ ತಿನ್ನುವುದಿಲ್ಲ, ಹೆಸರು ತಿನ್ನುತ್ತದೆ. ಯಾರ ಹೆಸರನ್ನು ತಿಂದಿತೋ ಅವರು ಮನೆಯಲ್ಲೇ ಕುಳಿತಿದ್ದರೂ ಯಾರಿಗೂ ನೆನಪಾಗುವುದಿಲ್ಲ. ತಟ್ಟೆ ಹಾಕುವಾಗ ಅವರದೊಂದು ಬಿಟ್ಟುಹೋಗುತ್ತದೆ. ಕಡೆಗೆ ಅವರಿಗೇ ತಾವು ಇರುವುದು ಮರೆತುಹೋಗುತ್ತದೆ. ನಾಯಕಿ ಮಂಗಳಾಗೆ ಮನಸ್ಸು ನೆಟ್ಟಗಿಲ್ಲ, ನಲ್ಲಿಯ ಜೊತೆ ಮಾತಾಡುತ್ತಾಳೆ. ಒಂದು ದಿನ ಸ್ಟೂಲು ಹತ್ತಿ ಅತ್ತೆಯ ಹೆಸರನ್ನು ಪ್ರಾಣಿಯ ಕಿವಿಯಲ್ಲಿ ಹೇಳಿಬಿಡುತ್ತಾಳೆ.

ಇಂಥದ್ದನ್ನು ಓದಿದವರು ಏನೇನು ಹೇಳಬಹುದು ಎಂದು ನಾನು ಊಹಿಸಿಟ್ಟುಕೊಂಡಿದ್ದೆ. ಭಾಷೆ ಚೆನ್ನಾಗಿದೆ ಎನ್ನಬಹುದು, ಚೆನ್ನಾಗಿಲ್ಲ ಎನ್ನಬಹುದು. ಆದರೆ ನನ್ನ ಊಹೆ ದರಿದ್ರದ್ದಾಗಿತ್ತು. ಮೊದಲ ಪ್ರತಿಕ್ರಿಯೆ ಕೊಟ್ಟವರು ಎದುರುಮನೆಯ ನಿವೃತ್ತ ಎಂಜಿನಿಯರ್ ರಾಯರು. ಗೇಟಿನ ಬಳಿ ಹಾಲಿನ ಪ್ಯಾಕೆಟ್ ಹಿಡಿದು ನಿಂತು, ತುಂಬ ಗಂಭೀರವಾಗಿ, "ಅಟ್ಟ ಯಾವ ದಿಕ್ಕಲ್ಲಿದೆ ಮೇಡಂ?" ಎಂದರು. ನಾನು ಯೋಚಿಸದೆ ನೈಋತ್ಯ ಎಂದೆ. "ನೈಋತ್ಯದಲ್ಲಿ ಭಾರ ಇರೋದು ಒಳ್ಳೇದೇ. ಪ್ರಾಣಿ ಅಲ್ಲೇ ಇರ್ಲಿ. ಸ್ಟೂಲ್ ಮಾತ್ರ ಜಾಗ ಬದಲಾಯ್ಸಿ," ಎಂದು ಪರಿಹಾರ ಕೊಟ್ಟು ಹೋದರು. ಕಾದಂಬರಿಗೆ ವಾಸ್ತು ದೋಷ ಹುಡುಕಿದ ಮೊದಲ ವಿಮರ್ಶಕರು ಅವರೇ ಇರಬೇಕು.

ನನ್ನ ಗಂಡನ ಚಿಕ್ಕಪ್ಪನ ಮಗ ಡಾಕ್ಟರು, ಜೆ.ಪಿ. ನಗರದಲ್ಲಿದ್ದಾನೆ. ಇಡೀ ಪುಸ್ತಕವನ್ನು ಒಂದೇ ಸಲಕ್ಕೆ ಓದಿದ್ದೇನೆಂದು ಫೋನು ಮಾಡಿದ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಹೊಗಳಿಕೆಯನ್ನು ನಿಂತುಕೊಂಡು ಕೇಳುವ ವಯಸ್ಸು ನನ್ನದಲ್ಲ. ಅವನು, "ಅತ್ತಿಗೆ, ಇದು ಪಕ್ಕಾ ಬಿ ಟ್ವೆಲ್ವ್ ಡೆಫಿಷಿಯೆನ್ಸಿ. ಥೈರಾಯ್ಡೂ ಒಂದ್ಸಲ ನೋಡಿಸ್ಬಿಡಿ," ಎಂದ. ಮಂಗಳಾಗಾ ಎಂದು ಕೇಳಿದೆ. "ಇಬ್ಬರಿಗೂ" ಎಂದ.

ಬಿಟಿಎಂ ಲೇಔಟಿನ ಎಳೆಯರು ಹೀಗಲ್ಲವೆಂದು ಸಮಾಧಾನ ಮಾಡಿಕೊಂಡು, ಅವರದೊಂದು ಓದುಗರ ಕೂಟ ಕರೆದಾಗ ಒಳ್ಳೆಯ ಸೀರೆ ಉಟ್ಟು ಹೋದೆ. ಪಿಜಿಯೊಂದರ ತಾರಸಿ, ಒಣಹಾಕಿದ ಟವೆಲ್ಲುಗಳ ನಡುವೆ ಹತ್ತು ಹನ್ನೆರಡು ಜನ, ಬಹುಪಾಲು ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು. ಧಾರವಾಡದ ಹುಡುಗಿಯೊಬ್ಬಳು ಪುಸ್ತಕದ ತುಂಬ ಬಣ್ಣದ ಚೀಟಿ ಅಂಟಿಸಿಕೊಂಡು ಬಂದಿದ್ದಳು. "ಮೇಡಂ, ಆಕಿಗೆ ಥೆರಪಿ ಬೇಕಾಗಿತ್ರೀ. ಮೊದ್ಲ ಕೊಡಿಸಿದ್ರ ಹತ್ತನೇ ಪುಟಕ್ಕ ಎಲ್ಲಾ ಮುಗೀತಿತ್ತು," ಎಂದಳು. ಅವಳು ಹೇಳಿದ್ದು ಸರಿ. ಮುಗಿಯುತ್ತಿತ್ತು. ವಿಜಯಪುರದ ಹುಡುಗ ಮಾತ್ರ ಮೆಲ್ಲಗೆ, "ಆ ಪ್ರಾಣಿ ಅಂದ್ರ ನಮ್ಮ ಮ್ಯಾನೇಜರ್ ಅಲ್ರೀ ಮೇಡಂ? ಮೂರು ವರ್ಷ ಆತು, ಇನ್ನೂ ನನ್ನ ಹೆಸರು ಸರಿಯಾಗಿ ಹೇಳಂಗಿಲ್ಲ," ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವನ ಹೆಸರನ್ನು ಕೇಳಿಕೊಂಡು ಬರಬೇಕಿತ್ತು ಎಂದು ನನಗೆ ಹೊಳೆದದ್ದು ಆಟೋ ಹತ್ತಿದ ಮೇಲೆ.

ಒಬ್ಬ ವಿಮರ್ಶಕರು ಸಭೆಯಲ್ಲಿ ಪ್ರಾಣಿಯೆಂದರೆ ಜಾಗತಿಕ ಬಂಡವಾಳವೆಂದರು. ನಾನು ವೇದಿಕೆಯ ಮೇಲೆ, ಅದನ್ನೇ ಅಂದುಕೊಂಡು ಬರೆದವಳಂತೆ ತಲೆದೂಗಿದೆ. ಮರುದಿನ ಬೇರೊಬ್ಬರಿಗೆ ನಾನೇ ಹಾಗೆ ವಿವರಿಸಿದೆ. ಆನ್‌ಲೈನಿನಲ್ಲಿ ತರಿಸಿಕೊಂಡವರೊಬ್ಬರು ಎರಡು ನಕ್ಷತ್ರ ಕೊಟ್ಟು, "ಪ್ಯಾಕಿಂಗ್ ಚೆನ್ನಾಗಿದೆ, ಕಥೆಯಲ್ಲಿ ಕತ್ತಲೆ ಜಾಸ್ತಿ" ಎಂದು ಬರೆದಿದ್ದರು. ನನ್ನ ಗಂಡ ಅರ್ಧ ದಿನದಲ್ಲಿ ಓದಿ ಮುಗಿಸಿ, ಪುಸ್ತಕವನ್ನು ಮೇಜಿನ ಮೇಲಿಟ್ಟು, ಎರಡು ದಿನ ಮುಖ ಊದಿಸಿಕೊಂಡಿದ್ದರು. ತಾಯಿಯ ಪಕ್ಷ ವಹಿಸಿರಬೇಕು ಎಂದು ನಾನು ಹೆದರಿದ್ದೆ. ಮೂರನೆಯ ದಿನ ಬಾಯಿಬಿಟ್ಟರು. "ಗಂಡ ಅಂತ ಒಬ್ಬ ಬರ್ತಾನೆ. ಎರಡು ಸಲ ಪೇಪರ್ ಓದ್ತಾನೆ, ಅಷ್ಟೇ. ನನ್ನನ್ನ ತಿನ್ಸೋಕೂ ಯೋಗ್ಯ ಅಲ್ಲ ಅಂದ್ಕೊಂಡ್ಯಾ?"

ನಮ್ಮವರು ಹಿಂದೆ ಹೀಗಿರಲಿಲ್ಲ. ನನ್ನ ಅಜ್ಜಿ ಕೈತುತ್ತು ಹಾಕುತ್ತಾ ಹೇಳುತ್ತಿದ್ದ ಕಥೆಗಳಲ್ಲಿ ಮಲತಾಯಿಯರು ಮಕ್ಕಳನ್ನು ಹುರಿಯುತ್ತಿದ್ದರು. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಅಡಗಿಸಿಟ್ಟ ರಾಕ್ಷಸನಿಗೆ ಇಡೀ ಊರು ಸಾಲದೆ ಬರುತ್ತಿತ್ತು. ನಾವು ಮೊಸರನ್ನ ನುಂಗುತ್ತಾ, ಆಮೇಲೆ ಆಮೇಲೆ ಎನ್ನುತ್ತಿದ್ದೆವು. ರಾಕ್ಷಸನ ಬಾಲ್ಯ ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ಅಜ್ಜಿಯ ಥೈರಾಯ್ಡ್ ನೋಡಿಸಲಿಲ್ಲ. ನಮ್ಮ ಹಳೆಯ ಲಾಕ್ಷಣಿಕರಂತೂ ಒಂಬತ್ತು ರಸಗಳನ್ನು ಪಂಕ್ತಿಯಲ್ಲಿ ಕೂರಿಸುವಾಗ ಭಯಾನಕಕ್ಕೂ ಬೀಭತ್ಸಕ್ಕೂ ಉಳಿದವುಗಳ ಪಕ್ಕದಲ್ಲೇ ಎಲೆ ಹಾಕಿದ್ದರು. ನಮ್ಮ ಬಡಾವಣೆಗಳಿಗೆ ಈಗ ಶಾಂತ ಒಂದಿದ್ದರೆ ಸಾಕು, ಭಾನುವಾರ ಬೇಕಾದರೆ ಸ್ವಲ್ಪ ಕರುಣ. ಮಿಕ್ಕವುಗಳನ್ನು ಕಂಡರೆ ಬರೆದವಳಿಗೆ ಕಷಾಯ ಕುಡಿಸಲು ಬರುತ್ತಾರೆ.

ಕಷಾಯ ನನಗೆ, ಬಾಳೆಹಣ್ಣು ಅತ್ತೆಗೆ. ಭಜನಾ ಮಂಡಳಿಯ ಸುಶೀಲಮ್ಮ ವಾರಕ್ಕೆರಡು ಸಲ ಅತ್ತೆಯನ್ನು ನೋಡಿಕೊಂಡು ಹೋಗಲು ಶುರು ಮಾಡಿದರು. ಕಾಯಿಲೆಯವರನ್ನು ನೋಡಲು ಬರುವ ಹಾಗೆ ಚಿಪ್ಪು ಬಾಳೆಹಣ್ಣು ತರುತ್ತಿದ್ದರು. ನಾನು ಕಾಫಿ ತರಲು ಒಳಗೆ ಹೋದೊಡನೆ ದನಿ ತಗ್ಗಿಸಿ, ಊಟತಿಂಡಿ ಸರಿಯಾಗಿ ಹಾಕ್ತಾಳಾ ಎಂದು ಕೇಳುತ್ತಿದ್ದರು. ಎಂಬತ್ತಮೂರು ವರ್ಷದ ನಮ್ಮ ಅತ್ತೆ ಬೆಳಿಗ್ಗೆಯಷ್ಟೇ ನನ್ನ ಕೈಯ ನಾಲ್ಕು ದೋಸೆ ತಿಂದವರು, ನಿಟ್ಟುಸಿರು ಬಿಟ್ಟು, "ಏನೋಮ್ಮ, ನಡೀತಿದೆ" ಎನ್ನುತ್ತಿದ್ದರು. ಆ ನಿಟ್ಟುಸಿರು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಅವರು ಅದನ್ನು ಅಲ್ಲಿಯವರೆಗೆ ಕೇಳಿಸಲೆಂದೇ ಬಿಡುತ್ತಿದ್ದರು.

ಆದರೆ ನನ್ನೆದುರು ಪುಸ್ತಕದ ಬಗ್ಗೆ ಒಂದು ಮಾತಿಲ್ಲ. ಇದು ನನ್ನನ್ನು ಸುಡುತ್ತಿತ್ತು. ಏಕೆಂದರೆ ಸುಶೀಲಮ್ಮನಿಗೆ, ರಾಯರಿಗೆ, ಎಲ್ಲರಿಗೂ ನಾನು ಸಿಡುಕಿನಿಂದ ಹೇಳುತ್ತಿದ್ದದ್ದು ಒಂದೇ: ಇದು ಕಲ್ಪನೆ, ಯಾರ ಮನೆಯ ವಿಷಯವೂ ಅಲ್ಲ, ಓದುವುದನ್ನು ಕಲಿಯಿರಿ. ಅದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಡಬ್ಬಿಯ ಮುಚ್ಚಳ. ನಾನು ಅಡುಗೆಮನೆಯಲ್ಲಿ ಮುಚ್ಚಿಟ್ಟ ಪ್ರತಿಯೊಂದು ಡಬ್ಬಿಯನ್ನೂ ಅತ್ತೆ ನನ್ನ ಹಿಂದೆಯೇ ಬಂದು ಇನ್ನೊಮ್ಮೆ ಒತ್ತುತ್ತಾರೆ. ಮದುವೆಯಾಗಿ ಬಂದ ವಾರದಿಂದ ಕೇಳುತ್ತಿದ್ದೇನೆ, ಆ ಟಕ್ ಸದ್ದನ್ನು. ಸಾಸಿವೆ ಡಬ್ಬಿ, ಟಕ್. ಕಡಲೆಬೇಳೆ, ಟಕ್. ಒಂದು ಮಧ್ಯಾಹ್ನ ಆ ಸದ್ದು ಕೇಳಿ ನನಗೆ ಬಂದ ಸಿಟ್ಟು ನನ್ನನ್ನೇ ಹೆದರಿಸಿತ್ತು. ನೂರ ಹದಿನಾಲ್ಕನೆಯ ಪುಟದಲ್ಲಿ ಮಂಗಳಾ ಸ್ಟೂಲು ಹತ್ತುವ ಮೊದಲು ಕೇಳಿಸಿಕೊಳ್ಳುವುದೂ ಅದನ್ನೇ. ಇನ್ನಾರಿಗೂ ಗೊತ್ತಾಗದಿದ್ದರೂ ಅತ್ತೆಗೆ ಗೊತ್ತಾಗುತ್ತದೆ. ಜೊತೆಯಲ್ಲಿ ಇನ್ನೂ ಎಷ್ಟೋ ವರ್ಷ ಊಟ ಮಾಡಬೇಕಾದವರು ನಾವು. ಅವರು ಅದನ್ನು ಓದಿ ಮಾತು ಬಿಟ್ಟರೆ ಮನೆಯಲ್ಲಿ ನಿಜವಾಗಿಯೇ ಒಂದು ತಟ್ಟೆ ಬಿಟ್ಟುಹೋದ ಹಾಗೆ. ಬರೆಯುವಾಗ ಬಾರದ ಹೆದರಿಕೆ, ಊದುಬತ್ತಿ ತುಂಡು ನೂರ ಐದಕ್ಕೆ ಬಂದಾಗ ಬಂತು.

ನೂರ ಎಂಟು. ನೂರ ಹನ್ನೊಂದು. ನೂರ ಹದಿನಾಲ್ಕು. ಅಲ್ಲಿ ತುಂಡು ನಿಂತುಬಿಟ್ಟಿತು. ಮರುದಿನ ನೋಡಿದರೆ ಅದು ಎಂಬತ್ತಕ್ಕೆ ಹಿಂದೆ ಹೋಗಿತ್ತು. ಅದರ ಮರುದಿನ ನಲವತ್ತಕ್ಕೆ. ನಾಲ್ಕನೆಯ ದಿನ ಮೊದಲ ಪುಟದಲ್ಲಿತ್ತು. ಓದುವುದನ್ನೇ ಬಿಟ್ಟರು ಎಂದುಕೊಂಡೆ. ಆ ನಾಲ್ಕೂ ದಿನ ಅಡುಗೆಮನೆಯಲ್ಲಿ ಟಕ್ ಸದ್ದೂ ಇಲ್ಲ. ವರ್ಷಗಟ್ಟಲೆ ಅದು ನಿಲ್ಲಲಿ ಎಂದುಕೊಂಡವಳು, ನಿಂತಾಗ ಅನ್ನ ಸೇರದೆ ಕುಳಿತೆ.

ಐದನೆಯ ಮಧ್ಯಾಹ್ನ ನಾನು ಕೋಣೆಗೆ ನುಗ್ಗಿದಾಗ ಅತ್ತೆ ಕೈ ತೊಳೆಯಲು ಹೋಗದೆ ಮಂಚದ ಮೇಲೇ ಕುಳಿತಿದ್ದರು. ಕೈಯಲ್ಲಿ ಪುಸ್ತಕ, ಭೂತಗನ್ನಡಿ.

"ದಿನಾ ಬಂದು ನೋಡ್ತೀಯಲ್ಲ, ಕೇಳಬಾರ್ದಾ? ಬಾ, ಕೂತ್ಕೋ," ಎಂದರು.

ಕುಳಿತೆ.

"ಇವಳು ಅತ್ತೆ ಹೆಸರನ್ನ ಆ ಪ್ರಾಣಿ ಕಿವೀಲಿ ಹೇಳಿದ್ಲು ಅಂತ ಬರ್ದಿದ್ದೀಯ. ಯಾವ ಹೆಸರೇ?"

ನನಗೆ ಅರ್ಥವಾಗಲಿಲ್ಲ.

"ಆ ಹೆಂಗಸಿಗೆ ನೀನು ಹೆಸರೇ ಇಟ್ಟಿಲ್ಲ. ಎಲ್ಲೋ ನಾನು ಓದೋವಾಗ ತೂಕಡಿಸಿರ್ಬೇಕು ಅಂತ ಹಿಂದ್ಹಿಂದಕ್ಕೆ, ಮೊದಲನೇ ಪುಟದವರೆಗೂ ತಿರುವಿ ನೋಡ್ದೆ. ನಾಲ್ಕು ದಿನ ಆಯ್ತು. ನಲ್ಲಿ ರಿಪೇರಿಯವನಿಗೂ ಹೆಸರಿದೆ, ಬೆಕ್ಕಿಗಿದೆ. ಅವಳು ಬರೀ ಅತ್ತೆ. ಹಾಗಾದ್ರೆ ಆ ಪ್ರಾಣಿ ತಿಂದಿದ್ದೇನು?"

ಪುಸ್ತಕವನ್ನು ಕಿತ್ತುಕೊಂಡು ನಾನೂ ತಿರುವಿದೆ. ಇರಲಿಲ್ಲ. ಹೆಸರು ತಿನ್ನುವ ಪ್ರಾಣಿಯ ಬಗ್ಗೆ ನೂರ ಎಂಬತ್ತು ಪುಟ ಬರೆದಿದ್ದೇನೆ, ನಾಲ್ಕು ಸಲ ಕರಡು ತಿದ್ದಿದ್ದೇನೆ, ತಿನ್ನಿಸಿದ ಹೆಸರು ಎಲ್ಲೂ ಇಲ್ಲ. ಜಾಗತಿಕ ಬಂಡವಾಳ ಕಂಡ ವಿಮರ್ಶಕರಿಗೆ ಕಾಣಲಿಲ್ಲ, ಬಣ್ಣದ ಚೀಟಿಯ ಹುಡುಗಿಗೆ ಕಾಣಲಿಲ್ಲ, ಬರೆದ ನನಗೂ ಕಾಣಲಿಲ್ಲ. ನಮ್ಮಲ್ಲಿ ಸೊಸೆ ಅತ್ತೆಯ ಹೆಸರು ಹಿಡಿದು ಹೇಳುವ ಪದ್ಧತಿಯಿಲ್ಲ. ನನ್ನಮ್ಮ ಹೇಳಲಿಲ್ಲ, ನಾನು ಹೇಳಿಲ್ಲ. ಅತ್ತೆಯನ್ನು ಪ್ರಾಣಿಯ ಬಾಯಿಗೆ ಹಾಕುವಷ್ಟು ಧೈರ್ಯ ನನಗೆ ಬಂದಿತ್ತು, ಆದರೆ ಹೆಸರು ಬರೆಯುವಷ್ಟು ಬಂದಿರಲಿಲ್ಲ. ಓದುವುದನ್ನು ಕಲಿಯಿರಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ತಲೆ ತಗ್ಗಿಸಿ ಕುಳಿತೆ.

"ಅತ್ತೆ, ಆ ಮುಚ್ಚಳದ ವಿಷಯ..." ಎಂದು ಶುರು ಮಾಡಿದೆ.

"ಅದು ನಾನೇ ಅಂತ ಗೊತ್ತಾಯ್ತು. ನೀನು ಸರಿಯಾಗಿ ಮುಚ್ಚಲ್ಲ, ಇರುವೆ ಬರುತ್ತೆ. ಅದನ್ನೂ ಬರೀಬೇಕಾಗಿತ್ತು."

"ನಾಲ್ಕು ದಿನದಿಂದ ನೀವು ಒತ್ತಲೇ ಇಲ್ವಲ್ಲ."

"ಪುಸ್ತಕ ತಿರುವೋದ್ರಲ್ಲಿದ್ನಲ್ಲೇ. ಬಿಡುವೆಲ್ಲಿತ್ತು?"

ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಎರಡನೆಯ ಮುದ್ರಣ ಬರುವುದಿದೆ, ತಿದ್ದುತ್ತೇನೆ, ಆ ಹೆಂಗಸಿಗೆ ಏನು ಹೆಸರಿಡಲಿ ಎಂದು ಕೇಳಿದೆ. ಅತ್ತೆ ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿದರು. ತಮ್ಮ ಹೆಸರನ್ನು ಹೇಳುತ್ತಾರೆ ಎಂದುಕೊಂಡೆ.

"ನಂದು ಬೇಡ," ಎಂದರು. ಬಾಗಿಲ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, "ನಮ್ಮತ್ತೇದು ಹಾಕು. ವೆಂಕಟಲಕ್ಷಮ್ಮ. ಅವರೇ ಹೋಗ್ಲಿ."

ಮದುವೆಯಾಗಿ ಅರವತ್ತು ವರ್ಷ ದಾಟಿದ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ವರ್ಷಕ್ಕೊಮ್ಮೆ ಶ್ರಾದ್ಧದ ದಿನ ಪುರೋಹಿತರು ಚೀಟಿ ನೋಡಿ ಓದುತ್ತಿದ್ದ ಹೆಸರು ಅದು. ಹೇಳಿಯಾದ ಮೇಲೆ ಅವರು ಅಡುಗೆಮನೆಯ ಕಡೆ ಕಿವಿಗೊಟ್ಟರು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಸಣ್ಣಗೆ ನಕ್ಕರು. ಆ ವೆಂಕಟಲಕ್ಷಮ್ಮ ಇವರ ಹಿಂದೆ ಬಂದು ಏನನ್ನು ಒತ್ತುತ್ತಿದ್ದರೋ ನಾನು ಕೇಳಲಿಲ್ಲ.

ಕರಡಿನಲ್ಲಿ ಹೆಸರು ಸೇರಿಸಿದ್ದೇನೆ. ಅಡುಗೆಮನೆಯಲ್ಲಿ ಮತ್ತೆ ಟಕ್ ಕೇಳುತ್ತಿದೆ, ಸಿಟ್ಟೂ ಬರುತ್ತಿದೆ. ನಮ್ಮ ಅತ್ತೆಯ ಹೆಸರೇನೆಂದು ಇಷ್ಟು ಹೊತ್ತೂ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮಗಿಬ್ಬರಿಗೂ ಅಭ್ಯಾಸವಾಗಿಹೋಗಿದೆ.

ಮೊನ್ನೆ ಸುಶೀಲಮ್ಮ ಮತ್ತೆ ಬಂದಿದ್ದರು. ಅತ್ತೆಯ ಕೈ ಹಿಡಿದು, ಆ ನೂರ ಹದಿನಾಲ್ಕನೆಯ ಪುಟ ಓದಿದಾಗಿನಿಂದ ನಿಮ್ಮನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ ಎಂದರು. ಅತ್ತೆ ಈ ಸಲ ನಿಟ್ಟುಸಿರು ಬಿಡಲಿಲ್ಲ.

"ಅಯ್ಯೋ, ಅದು ನಾನಲ್ಲ ಕಣ್ರೀ. ನಮ್ಮತ್ತೆ. ವೆಂಕಟಲಕ್ಷಮ್ಮ ಅಂತ. ವೆಂಕಟಲಕ್ಷಮ್ಮ!" ಎಂದು ಎದುರುಮನೆಯ ರಾಯರಿಗೂ ಕೇಳುವಷ್ಟು ಜೋರಾಗಿ ಹೇಳಿದರು. ಸುಶೀಲಮ್ಮ ಎದ್ದು ಹೊರಟರು. ಬಾಳೆಹಣ್ಣಿನ ಚೀಲವನ್ನು ಮಾತ್ರ ಅತ್ತೆ ಆಗಲೇ ತಮ್ಮ ಪಕ್ಕಕ್ಕೆ ಎಳೆದುಕೊಂಡಿದ್ದರು.