ಮರದ ಬುಡದಲ್ಲಿ ನಿಂತ ಅತ್ತಿಗೆ

ಅತ್ತಿಗೆಯ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಹಗ್ಗ ಹಿಡಿದು ಹಿಡಿದು ಬಲಗೈಯ ನಡುವೆ ಅಡ್ಡಕ್ಕೆ ಒಂದು ದಪ್ಪ ಪಟ್ಟಿ ಮೂಡಿತ್ತು. ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಅದು ನುಣುಪಾಗಿ, ಗಟ್ಟಿಯಾಗಿತ್ತು. ಮಂಚೇನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಬೇವಿನ ಮರದ ಕೆಳಗೆ ಕೂತು ಕೈ ನೋಡುವವನೊಬ್ಬ ಒಮ್ಮೆ ಅವರ ಕೈಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, "ಎಡಗೈ ಕೊಡಮ್ಮ" ಅಂದ. ಎಡಗೈಯದೂ ಅದೇ ಕತೆ. ಅವನು ಏನು ಹೇಳುವುದೆಂದು ತಡವರಿಸುತ್ತಿದ್ದಾಗ ಅತ್ತಿಗೆ ಮೇಲೆ ನೋಡಿ, "ನನ್ನ ಭವಿಷ್ಯ ಹಂಗಿರ್ಲಿ ಕಣಪ್ಪ, ನಿನ್ನ ತಲೆ ಮೇಲಿರೋ ಕೊಂಬೆ ಪೂರಾ ಒಣಗಿದೆ. ಈ ಕಡೆಗೆ ಬಂದು ಕೂತ್ಕೋ" ಅಂದರು. ಅವನು ಚಾಪೆ ಸುತ್ತಿಕೊಂಡು ಎದ್ದೇಬಿಟ್ಟ. ಬಸ್ಸಿನಲ್ಲಿ ಮನೆ ಸೇರುವವರೆಗೂ ನಾವಿಬ್ಬರೂ ಅದನ್ನೇ ನೆನೆದು ನಕ್ಕಿದ್ದೆವು.

ನಮ್ಮದು ಮರ ಕಡಿಯುವ ಕೆಲಸ. ಕಾಡಿನ ಮರವಲ್ಲ. ಮನೆಯ ಮೇಲೆ ಬಾಗಿದ್ದು, ಕರೆಂಟ್ ತಂತಿಗೆ ತಾಗಿದ್ದು, ರೇಷ್ಮೆ ಹುಳು ಸಾಕುವ ಮನೆಯ ಶೀಟಿನ ಮೇಲೆ ಕೈಚಾಚಿದ್ದು, ಹೀಗೆ ಒಂದೇ ಏಟಿಗೆ ಉರುಳಿಸಲಾಗದ ಮರಗಳನ್ನು ಮೇಲಿಂದ ತುಂಡು ತುಂಡಾಗಿ ಇಳಿಸುವುದು. ನಾನು ಮರ ಕುಯ್ಯುವ ಚೈನ್ ಮಿಷಿನ್ ಕಟ್ಟಿಕೊಂಡು ಹತ್ತುತ್ತಿದ್ದೆ, ಅತ್ತಿಗೆ ಕೆಳಗೆ ನಿಂತು ನನ್ನ ಹಗ್ಗ ಹಿಡಿಯುತ್ತಿದ್ದರು. ನನ್ನ ಸೊಂಟದ ಬೆಲ್ಟಿನಿಂದ ಹೊರಟ ಹಗ್ಗ ಮೇಲಿನ ಕವಲೊಂದನ್ನು ದಾಟಿ ಕೆಳಗಿಳಿದು, ಬುಡಕ್ಕೆ ಸುತ್ತು ಹಾಕಿಕೊಂಡು ಅವರ ಕೈ ಸೇರುತ್ತಿತ್ತು. ನಾನು ಕಾಲು ಜಾರಿದರೆ ನನಗೂ ನೆಲಕ್ಕೂ ನಡುವೆ ಇದ್ದದ್ದು ಆ ಕೈಗಳು ಮಾತ್ರ.

ಈ ಕೆಲಸವನ್ನು ಶುರು ಮಾಡಿದವನು ನನ್ನ ಅಣ್ಣ. ಅವನು ಹತ್ತುವಾಗ ಕೂಲಿಯವನೊಬ್ಬ ಹಗ್ಗ ಹಿಡಿಯುತ್ತಿದ್ದ. ಒಂದು ದಿನ ಶಿಡ್ಲಘಟ್ಟದ ಹತ್ತಿರ ಸಿಲ್ವರ್ ಮರದ ಮೇಲೆ ಅಣ್ಣ ಇದ್ದಾಗ ಕೆಳಗಿನವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಯಾರದು ಅಂತ ನೋಡಲು ಅವನು ಒಂದು ಕೈ ಬಿಟ್ಟ, ಅಷ್ಟೇ. ಅಣ್ಣನ ಸೊಂಟ ಮುರಿಯಿತು. ಆಮೇಲೆ ಅವನು ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟಾದ, ಜಗಲಿಯ ಮೇಲೆ ಕೂತು ಚೈನಿನ ಹಲ್ಲು ಮಸೆದುಕೊಡುವಷ್ಟಾದ. ಮರದ ಹತ್ತಿರಕ್ಕೆ ಮತ್ತೆ ಬರಲಿಲ್ಲ.

ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದ ದಿನವೇ ಅತ್ತಿಗೆ ನನ್ನನ್ನು ಕರೆದು, "ನೀನು ಹತ್ತೋ ಹಂಗಿದ್ರೆ ಹಗ್ಗ ನಾನು ಹಿಡೀತೀನಿ. ಬೇರೆಯವರ ಕೈಗೆ ಕೊಡಲ್ಲ" ಅಂದರು. ಅಮ್ಮ ಬೇಡವೆಂದು ಅತ್ತಳು. ಊರಿನವರು ಸುಮ್ಮನಿರುತ್ತಾರೆಯೇ? ಮೈದುನನಿಗೆ ಮೂಗುದಾರ ಹಾಕಿ ಹಿಡಿದುಕೊಂಡಿದ್ದಾಳೆ ಅಂತ ಆಡಿಕೊಂಡರು. ಒಬ್ಬ ಹೆಂಗಸು ಎದುರಿಗೇ ಅಂದಾಗ ಅತ್ತಿಗೆ ನಗುತ್ತಾ, "ಹೌದು ಕಣಮ್ಮ, ಬಿಟ್ರೆ ಎಲ್ಲೆಲ್ಲೋ ಮೇಯೋಕೆ ಹೋಗ್ತಾನೆ" ಅಂದು ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ನಡೆದರು. ಆ ಮೇಲೆ ಯಾರೂ ಬಾಯಿ ಹಾಕಲಿಲ್ಲ.

ಅಂದಿನಿಂದ ಕೆಲಸದ ಜಾಗಕ್ಕೆ ಅವರು ಫೋನ್ ತರಲೇ ಇಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದವರೇ ಜಗಲಿಯ ಮೇಲೆ ಕಾಲು ಚಾಚಿ ಕೂತು ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳ ನಡುವೆ ಎಳೆಯುತ್ತಿದ್ದರು. ಎಲ್ಲಾದರೂ ಎಳೆ ಬಿಟ್ಟಿದ್ದರೆ, ಗಟ್ಟಿಯಾಗಿದ್ದರೆ, ಉಜ್ಜಿದ ಬಿಸಿಗೆ ಹೊಳಪು ಬಂದಿದ್ದರೆ ಆ ಹಗ್ಗದ ಕತೆ ಅಲ್ಲಿಗೆ ಮುಗಿಯಿತು. ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಮಚ್ಚಿನಿಂದ ಮೊಳದುದ್ದದ ತುಂಡು ಮಾಡಿಬಿಡುತ್ತಿದ್ದರು. ಪಕ್ಕದ ಮನೆಯವರು ಹಸು ಕಟ್ಟಲಿಕ್ಕಾದರೂ ಕೊಡಿ ಅಂತ ಕೇಳಿದರೆ ಆ ತುಂಡುಗಳನ್ನೇ ತೋರಿಸುತ್ತಿದ್ದರು. ಹೀಗೇಕೆ ಹಾಳು ಮಾಡುತ್ತೀರಿ, ಕೊಂಬೆ ಇಳಿಸಲಿಕ್ಕೆ ಆಗುತ್ತಿತ್ತಲ್ಲ ಅಂತ ನಾನೂ ಒಮ್ಮೆ ಕೇಳಿದೆ. "ಮನೇಲಿದ್ರೆ ಒಂದಿನ ಅವಸರದಲ್ಲಿ ಅದೇ ಕೈಗೆ ಸಿಗುತ್ತೆ" ಅಂದರು. ಮಿಷಿನ್ ಹಳೆಯದು ಕೊಂಡರೆ ಅವರಿಗೆ ಅಭ್ಯಂತರವಿರಲಿಲ್ಲ. ಚಿಂತಾಮಣಿಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದು, ಬಿಚ್ಚಿ ಜೋಡಿಸಿ ಕೆಲಸ ಮಾಡಿಸುತ್ತಿದ್ದೆವು. ಬೆಲ್ಟು, ಹೆಲ್ಮೆಟ್ಟು, ಹಗ್ಗ ಮಾತ್ರ ಇನ್ನೊಬ್ಬರ ಮೈ ಮೇಲಿಂದ ಬಂದಿರಬಾರದು ಅನ್ನುತ್ತಿದ್ದರು. ಅದು ಏನೇನು ಕಂಡಿದೆಯೋ ಅದಕ್ಕೇ ಗೊತ್ತು ಅಂತ ಅವರ ವಾದ. ಚೈನು ಮೊಂಡಾದರೆ ನಾನು ಇನ್ನೊಂದು ಕೊಂಬೆ ಆಗಲಿ ಅಂತ ಎಳೆದಾಡುತ್ತಿದ್ದೆ, ಅವರು ಕೆಳಗಿನಿಂದ ಶಬ್ದ ಕೇಳಿಯೇ, "ಇಳಿಯಪ್ಪ, ಮಸ್ಕೊಂಡು ಹತ್ತು" ಅಂತ ಕೂಗುತ್ತಿದ್ದರು. ಮೊಂಡು ಚೈನಿನಲ್ಲಿ ತೋಳು ಸೋಲುತ್ತದೆ, ತೋಳು ಸೋತವನು ತಪ್ಪು ಮಾಡುತ್ತಾನೆ ಅನ್ನುವುದು ನನಗೆ ನಿಧಾನವಾಗಿ ಅರ್ಥವಾಯಿತು.

ವ್ಯವಹಾರವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಈಗ ಎಲ್ಲರೂ ವಾಟ್ಸಾಪಿನಲ್ಲಿ ಮರದ ಫೋಟೋ ಕಳಿಸಿ ರೇಟ್ ಹೇಳಿ ಅನ್ನುತ್ತಾರೆ. ಅತ್ತಿಗೆ ಯಾವತ್ತೂ ಹೇಳಲಿಲ್ಲ. "ಫೋಟೋದಲ್ಲಿ ಹಿಂದಿನ ತಂತಿ ಕಾಣಲ್ಲ ಸಾರ್, ನಾವೇ ಬಂದು ನೋಡ್ತೀವಿ." ಹೋದ ಮೇಲೆ ಮರವನ್ನು ಒಂದು ಸುತ್ತು ಹಾಕಿ, ಪಕ್ಕದವರ ಕಾಂಪೌಂಡ್ ನೋಡಿ, ಪಕ್ಕದವರನ್ನೂ ಮಾತಾಡಿಸಿ, ಸಂಪು, ಚರಂಡಿ ಎಲ್ಲಿವೆ ಅಂತ ಕೇಳಿ, ಕೊನೆಗೆ ಸೌದೆ ಯಾರಿಗೆ, ಸೊಪ್ಪು ಗುಡಿಸುವವರು ಯಾರು ಅನ್ನುವುದನ್ನು ಗಟ್ಟಿಮಾಡಿಕೊಳ್ಳುತ್ತಿದ್ದರು. "ಸೌದೆ ಮಾತು ಮೊದಲೇ ಆಗ್ಬೇಕು ಕಣಪ್ಪ. ಮರ ಮಲಗಿದ ಮೇಲೆ ಊರಿಗೆಲ್ಲ ಪಾಲು ಜ್ಞಾಪಕ ಬರುತ್ತೆ." ತಂತಿಯ ಹತ್ತಿರದ ಮರವಾದರೆ ಲೈನ್‌ಮನ್ ಫೋನಿನಲ್ಲಿ ಆಫ್ ಮಾಡಿದ್ದೀನಿ ಅಂದದ್ದನ್ನು ಒಪ್ಪುತ್ತಿರಲಿಲ್ಲ. ಅವನೇ ಬಂದು ಪಕ್ಕದಲ್ಲಿ ನಿಲ್ಲಬೇಕು. ಅವನಿಗೆ ಟೀ, ತಿಂಡಿ ಎಲ್ಲ ಆಗುತ್ತಿತ್ತು, ಆದರೆ ನಾನು ಇಳಿಯುವವರೆಗೂ ಅವನು ಕದಲುವಂತಿರಲಿಲ್ಲ. ಚಿಕ್ಕಬಳ್ಳಾಪುರದ ಹೊಸ ಬಡಾವಣೆಯಲ್ಲಿ ಒಬ್ಬಾಕೆ ಎಲೆ ಉದುರುತ್ತದೆ ಅಂತ ಹೊಂಗೆ ಮರವನ್ನೇ ತೆಗೆಸಲು ಕರೆದಿದ್ದಳು. ಅತ್ತಿಗೆ ಆಕೆಯನ್ನು ನೆರಳಲ್ಲಿ ಕೂರಿಸಿಕೊಂಡು ಹರಟೆ ಹೊಡೆದು, ಸಂಪಿನ ಮೇಲಿದ್ದ ಕೊಂಬೆಗಳನ್ನಷ್ಟೇ ಸವರಿಸಿ ಬಂದರು. ದೊಡ್ಡ ಕೆಲಸ ಕೈತಪ್ಪಿತಲ್ಲ ಅಂತ ನಾನು ದಾರಿಯುದ್ದಕ್ಕೂ ಗೊಣಗಿದೆ. ಆ ಮರದಿಂದಾಗಿ ವರ್ಷಕ್ಕೊಮ್ಮೆ ಆ ಬೀದಿಯಲ್ಲಿ ನಮಗೆ ಕೆಲಸ ಖಾಯಂ ಆಯಿತು.

ಅವರ ತವರು ಚಿಂತಾಮಣಿಯ ಆಚೆ, ಮನೆಮಾತು ತೆಲುಗು. ಮಾಮೂಲಿ ಕೆಲಸದಲ್ಲಿ ಕನ್ನಡದಲ್ಲೇ ನನ್ನನ್ನು ಬೈಯುತ್ತಾ, ರೇಗಿಸುತ್ತಾ ಇರುತ್ತಿದ್ದರು. ಹಗ್ಗ ಬಿಗಿಯಾದ ಗಳಿಗೆಯಲ್ಲಿ ಮಾತ್ರ, "ಮೆಲ್ಲಗಾ ನಾಯನಾ, ಮೆಲ್ಲಗಾ" ಅಂತ ತೆಲುಗು ಬಂದುಬಿಡುತ್ತಿತ್ತು. ಆ ಮಾತು ಕಿವಿಗೆ ಬಿದ್ದರೆ ನಾನು ತಮಾಷೆ ಬಿಟ್ಟು ಎರಡು ಕೈಯಲ್ಲೂ ಮರ ತಬ್ಬುತ್ತಿದ್ದೆ.

ಮೇಲೂರಿನ ಆ ಹುಣಸೆ ಮರದ ದಿನವನ್ನು ಹೇಳದೆ ಅವರ ವಿಷಯ ಬರೆಯಲಾರೆ. ಮರದ ದೊಡ್ಡ ಕೊಂಬೆಯೊಂದು ಹುಳು ಮನೆಯ ಮೇಲೆ ಚಾಚಿತ್ತು. ಒಳಗೆ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಬಂದಿದ್ದವು, ಶೀಟು ಒಡೆದರೆ ಆ ಮನೆಯವರ ಬೆಳೆಯೆಲ್ಲ ಹೋಗುತ್ತಿತ್ತು. ಕೊಂಬೆಗೆ ಬೇರೆ ಹಗ್ಗ ಬಿಗಿದು ಇಬ್ಬರು ಆಳುಗಳ ಕೈಗೆ ಕೊಟ್ಟು ನಾನು ಕುಯ್ಯುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಕುಯ್ದಾಗಿತ್ತು. ಆಗ ನಮ್ಮ ಬೀದಿಯವನೊಬ್ಬ ಬೈಕಿನಲ್ಲಿ ಬಂದು ಅತ್ತಿಗೆಯ ಕಿವಿಯ ಹತ್ತಿರ ಏನೋ ಹೇಳಿದ್ದನ್ನು ಮೇಲಿಂದ ಕಂಡೆ. ಅತ್ತಿಗೆ ಹಗ್ಗದ ಮೇಲಿಟ್ಟ ಕಣ್ಣು ತೆಗೆಯದೆ ಒಮ್ಮೆ ತಲೆಯಾಡಿಸಿದರು. ಅವನು ಹೋಗಿ ಗೋಡೆಯ ಪಕ್ಕ ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತ. ಬಿಸಿಲಿಗೆ ಕೂತಿದ್ದಾನೆ, ಸೌದೆ ಕೇಳಲು ಬಂದಿರಬೇಕು ಅಂದುಕೊಂಡೆ. ಕೊಂಬೆಯನ್ನು ಪೂರ್ತಿ ಕುಯ್ದು, ಶೀಟಿಗೆ ತಾಗದ ಹಾಗೆ ಇಳಿಸಿದ್ದಾಯಿತು. ನಾನು ಇಳಿಯುವಾಗ ಹಗ್ಗ ಎಂದಿನ ಹಾಗೇ ಸಮನಾಗಿ ಬಿಟ್ಟುಕೊಳ್ಳುತ್ತಾ ಬಂತು, ಒಂದು ಕಡೆಯೂ ಜಗ್ಗಲಿಲ್ಲ, ಸಡಿಲವಾಗಲಿಲ್ಲ.

ನೆಲಕ್ಕೆ ಕಾಲಿಟ್ಟ ಮೇಲೆ ನನ್ನ ಬೆಲ್ಟನ್ನು ಅವರೇ ಬಿಚ್ಚಿದರು. "ನೀರು ಕುಡಿ" ಅಂತ ಚೊಂಬು ಕೊಟ್ಟರು. ಕುಡಿದೆ.

"ನಿಮ್ಮಣ್ಣ ಹೋದ್ರು ಕಣಪ್ಪ" ಅಂದರು. "ಎದೆನೋವು ಅಂದ್ರಂತೆ, ಅಷ್ಟೇ."

ನನಗೆ ಮಾತು ತಲೆಗೆ ಹತ್ತಲಿಲ್ಲ. "ನಿಮಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿದೆ.

"ನೀನು ಅರ್ಧ ಕುಯ್ದಿದ್ದೆ" ಅಂದು ಅತ್ತಿಗೆ ಹಗ್ಗದ ರಾಶಿಯ ಮೇಲೆ ಕುಸಿದು ಕೂತರು. ಆಮೇಲೆ ಅವರು ಅತ್ತ ಅಳು ಹುಳು ಮನೆಯೊಳಗಿದ್ದ ಹೆಂಗಸರನ್ನೆಲ್ಲ ಹೊರಗೆ ತಂದಿತು.

ತಿಥಿಗೆ ಬಂದ ನೆಂಟರು ಗಂಡ ಸತ್ತ ಸುದ್ದಿ ಕೇಳಿಯೂ ಹಗ್ಗ ಹಿಡ್ಕೊಂಡು ನಿಂತಿದ್ದಳಂತೆ ಅಂತ ಮೂಲೆಯಲ್ಲಿ ಗುಸುಗುಟ್ಟಿದರು. ಅದು ಅತ್ತಿಗೆಯ ಕಿವಿಗೂ ಬಿತ್ತು. ಎಷ್ಟೋ ದಿನದ ಮೇಲೆ, ಜಗಲಿಯಲ್ಲಿ ಹಗ್ಗ ಎಳೆಯುತ್ತಾ ಕೂತಿದ್ದಾಗ, ನಾನು ಕೇಳದೆಯೇ, "ಅವರು ಹೋಗಿದ್ದು ಹೋಗಿದ್ದೇ. ನನ್ನ ಕೈಲಿ ಆವತ್ತು ಇದ್ದಿದ್ದು ನೀನೊಬ್ಬನೇ" ಅಂದರು. ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತೆ.

ಕೆಲಸ ನಡೆಯಿತು. ಮಾವಿನ ತೋಟಗಳಲ್ಲಿ ಒಣಕೊಂಬೆ ಸವರುವುದು, ಗೌರಿಬಿದನೂರಿನ ಕಡೆ ತೆಂಗು, ವಿದುರಾಶ್ವತ್ಥದ ದಾರಿಯ ತೋಟದ ಮನೆಗಳು. ಕಳೆದ ವರ್ಷದ ಬೇಸಿಗೆಯ ಹೊತ್ತಿಗೆ ಅತ್ತಿಗೆ ಇಳಿದುಹೋದರು. ಕುಪ್ಪಸ ಸಡಿಲವಾಯಿತು, ಸೀರೆಯನ್ನು ಸೊಂಟಕ್ಕೆ ಎರಡೆರಡು ಸಲ ಬಿಗಿಯತೊಡಗಿದರು. ಕೇಳಿದರೆ ಬಿಸಿಲು ಅನ್ನುತ್ತಿದ್ದರು, ಇನ್ನೊಮ್ಮೆ ಗ್ಯಾಸ್ಟ್ರಿಕ್ ಅಂದರು. ನನ್ನ ಹೆಂಡತಿಯ ಜೊತೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ ಬಂದರು. ಬಂದ ಮೇಲೂ ಅದೇ ಉತ್ತರ. ಹೆಂಡತಿಯನ್ನು ಕೇಳಿದರೆ, "ಅಕ್ಕನ್ನೇ ಕೇಳಿ" ಅಂತ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಅವಳ ಕೈಲಿ ಆಣೆ ಹಾಕಿಸಿಕೊಂಡಿದ್ದರು ಅಂತ ಆಗ ನನಗೆ ತಿಳಿಯಲಿಲ್ಲ. ಒಂದು ಬದಲಾವಣೆ ಮಾತ್ರ ಗಮನಕ್ಕೆ ಬಂದಿತ್ತು. ಹಗ್ಗ ಬಿಗಿಯಾಗದಿದ್ದಾಗಲೂ, ನಾನು ಸುಮ್ಮನೆ ಕವಲಿನಲ್ಲಿ ಕೂತಿದ್ದಾಗಲೂ ಕೆಳಗಿನಿಂದ, "ಮೆಲ್ಲಗಾ, ಮೆಲ್ಲಗಾ" ಕೇಳುತ್ತಿತ್ತು. ವಯಸ್ಸಾಯಿತು, ನನ್ನ ಬಗ್ಗೆ ಭಯ ಹೆಚ್ಚಾಗಿದೆ ಅಂದುಕೊಂಡೆ. ಅವರು ಅದನ್ನು ತಮ್ಮ ಹೊಟ್ಟೆಯೊಳಗಿನ ನೋವಿಗೆ ಹೇಳಿಕೊಳ್ಳುತ್ತಿದ್ದರು.

ಕೆಲಸವಿಲ್ಲದ ಒಂದು ದಿನ ಬಚ್ಚಲ ಹತ್ತಿರ ಬಿದ್ದರು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಗರ್ಭಕೋಶದ ಕ್ಯಾನ್ಸರ್, ಈಗ ಎಲ್ಲ ಕಡೆಗೂ ಹರಡಿದೆ ಅಂದರು ಡಾಕ್ಟರು. ಅವರಿಗೆ ಅತ್ತಿಗೆಯ ಗುರುತು ಸಿಕ್ಕಿತು.

"ಮೊದಲೇ ಬೆಂಗಳೂರಿಗೆ ಹೋಗಿ ಅಂದಿದ್ದೆ, ಹೋಗ್ಲಿಲ್ಲ. ನೋವಿಗೆ ಮಾತ್ರೆನಾದ್ರೂ ಕೊಟ್ಟಿದ್ನಲ್ಲಮ್ಮ, ಅದೂ ತಗೋತಿರ್ಲಿಲ್ವಾ?"

ಅತ್ತಿಗೆ ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ ನನ್ನ ಕಡೆ ನೋಡಿದರು. "ರಾತ್ರಿ ತಗೋತಿದ್ದೆ ಸಾರ್. ಹಗಲು ತಗೊಂಡ್ರೆ ತೂಕಡಿಕೆ ಬರುತ್ತೆ. ಇವನು ಮೇಲಿರ್ತಾನೆ."

"ಮೇಲೆ ಅಂದ್ರೆ?" ಅಂತ ಡಾಕ್ಟರು ನನ್ನನ್ನು ಕೇಳಿದರು.

ವಾರ್ಡಿನಲ್ಲಿ ಮಲಗಿದ ಮೇಲೂ ಅವರು ಹಗಲಿನ ಮಾತ್ರೆ ಬಾಯಿಗೆ ಹಾಕಲಿಲ್ಲ. ನರ್ಸಮ್ಮ ಗದರಿಸಿ ಸೋತು ನನ್ನ ಕೈಗೆ ಕೊಟ್ಟು ಹೋದರು. ಅತ್ತಿಗೆ ಹಲ್ಲು ಕಚ್ಚಿಕೊಂಡಿದ್ದರು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಸೋಮವಾರ ಗೌರಿಬಿದನೂರಿನ ಕೆಲಸ ಒಪ್ಕೊಂಡಿದೀವಲ್ಲಪ್ಪ" ಅಂದರು. "ಇಲ್ಲಿ ಕೊಡೋ ಹಗಲಿನ ಮಾತ್ರೆ ಜೋರು, ಮಂಪರು ಎರಡು ದಿನ ಬಿಡಲ್ಲ."

"ಆ ಕೆಲಸ ಬೇಡ ಅಂತ ಫೋನ್ ಮಾಡಿ ಹೇಳಿಬಿಟ್ಟೆ ಅತ್ತಿಗೆ."

"ಆಮೇಲಿನದು?"

"ಅದೂ ಬೇಡ. ನಾನಿನ್ನು ಮರ ಹತ್ತಲ್ಲ."

"ಬೇರೆ ಯಾರ ಕೈಲಾದ್ರೂ ಹಗ್ಗ ಕೊಟ್ಟು ಹತ್ತೀಯ ನೀನು. ನಿನ್ನ ನಾ ಕಾಣೆನಾ?"

"ಇಲ್ಲ. ನಿಮ್ಮಾಣೆ, ಹತ್ತಲ್ಲ."

ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಮರದ ಸುತ್ತ ನಡೆದು ಎಲ್ಲ ಕೊಂಬೆಯನ್ನೂ ನೋಡುವವರ ನೋಟ ಅದು. ಆಮೇಲೆ ಮಗುವಿನ ಹಾಗೆ ಬಾಯಿ ತೆರೆದರು. ನಾನು ಮಾತ್ರೆ ಹಾಕಿ, ತಲೆ ಎತ್ತಿ ಹಿಡಿದು ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಬಿಚ್ಚಿತು, ನಿದ್ದೆ ಬಂತು. ಅವರು ಹಗಲಲ್ಲಿ ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಂಚದ ಕಾಲ ಬಳಿ ನೆಲದ ಮೇಲೆ ಕೂತು ಅವರು ಉಸಿರಾಡುವುದನ್ನೇ ನೋಡುತ್ತಿದ್ದೆ.

ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಎಚ್ಚರ ಕಡಿಮೆಯಾಗುತ್ತಾ ಬಂತು, ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದರು. ನಾನು ಆಣೆ ಮುರಿದಿಲ್ಲ. ಈಗ ಬೇರೆಯವರು ಹತ್ತುತ್ತಾರೆ, ನಾನು ಕೆಳಗೆ ನಿಂತು ಹಗ್ಗ ಹಿಡಿಯುತ್ತೇನೆ. ಕತ್ತು ನೋಯುತ್ತದೆ, ಕಣ್ಣಿಗೆ ಹೊಟ್ಟು ಬೀಳುತ್ತದೆ, ಮೂಗಿನ ಮೇಲೆ ನೊಣ ಕೂತರೂ ಓಡಿಸುವ ಹಾಗಿಲ್ಲ. ಕಷ್ಟದ ಕೆಲಸ ನನ್ನದು ಅಂತ ಇಷ್ಟು ವರ್ಷ ತಿಳಿದಿದ್ದೆ.

ಮೊನ್ನೆ ಅವರ ವರ್ಷದ ಎಡೆ ಇಟ್ಟೆವು. ಊಟ ಮುಗಿಸಿ ಎದ್ದ ನೆಂಟರೊಬ್ಬರು ನನ್ನ ಬೆನ್ನು ಸವರಿ, "ಪುಣ್ಯವಂತೆ ಬಿಡಪ್ಪ, ಹೆಚ್ಚು ನರಳದೆ ಹೋದ್ಲು" ಅಂದರು. ನಾನು ಹೌದೆಂದು ತಲೆಯಾಡಿಸಿ ಅವರ ಕೈಗೆ ನೀರು ಹಾಕಿದೆ. ನರಳಿದ್ದೆಲ್ಲ ಮೊದಲೇ ಮುಗಿದಿತ್ತು, ನಾನು ಮೇಲಿದ್ದಾಗ.